ಧಾರವಾಡದ ಬಸ್ಸು

ಹಂದಿಗೋಣ, ಕುಮಟಾ
೧೨ ಮೇ ೨೦೨೫, ಸೋಮವಾರ

ಪ್ರೀತಿಯ ಮಗಳು ವಿನುತಾಗೆ,

ಬೆಳಿಗ್ಗೆ ನೀನು ಮಾತಾಡಿದಾಗಲೇ ನಾನು ಹೇಳುತ್ತಿದ್ದೆ, ಪಕ್ಕದ ಮನೆ ಕಮಲಿಯ ಸುದ್ದಿ ಫೋನಿನಲ್ಲಿ ಮುಗಿಯುವಂಥದ್ದಲ್ಲ ಎಂದು. ಅಷ್ಟರಲ್ಲಿ ನೀನು ಕಾಲೇಜಿನ ಫಾರ್ಮಿನ ಮಾತು ತೆಗೆದೆ. ಕ್ಲಾಸಿನಲ್ಲಿ ಎಲ್ಲರೂ ಮೊದಲು ತಮ್ಮ ಮನೆಯ ಹಿಸ್ಟರಿಯನ್ನೇ ಬರೆಯಬೇಕಂತೆ, ಶುಕ್ರವಾರ ಕೊಡಬೇಕಂತೆ. ಹದಿನಾರನೇ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ ಎಂದು. ನಾನು ಯಾರಿಗೂ ಇಲ್ಲ, 'ನಿಲ್' ಎಂದೆ, ನೀನು ಬರೆದುಕೊಂಡೆ. ಅದಿರಲಿ. ನೀನು ಬಂದು ಹೋದ ಮೇಲೆ ಒಂದು ಕಾಗದವನ್ನೂ ಹಾಕಲಿಲ್ಲ, ಸಿಟ್ಟಾಗಬೇಡ. ಕನ್ನಡಕದ ಕಾಲು ಮುರಿದಿತ್ತು. ಈಗ ದಾರ ಸುತ್ತಿಕೊಂಡು ಬರೆಯುತ್ತಿದ್ದೇನೆ.

ಕಮಲಿ ಮೊನ್ನೆಯಿಂದ ಹೈವೇ ಬದಿಗೆ ಈರುಳ್ಳಿ ಜಡೆ ಮಾರಲು ಬರುತ್ತಿದ್ದಾಳೆ. ಗಂಡ ತೀರಿದ ಮೇಲೆ ಎಂಟು ತಿಂಗಳು ಮಾತಾಡದೆ, ಹೊಸ್ತಿಲು ದಾಟದೆ ಇದ್ದವಳು. ದೇವರ ಹತ್ತಿರ ಪ್ರಶ್ನೆ ಕೇಳಿಸಿ ಎಂದರು, ತಾಯಿತ ಕಟ್ಟಿಸಿ ಎಂದರು, ಎಲ್ಲ ಆಗಿತ್ತು. ರಜೆಗೆ ಬಂದ ನೀನು ಮಾತ್ರ ಹೋಗಿ ಅವಳ ಪಕ್ಕದಲ್ಲಿ ಕೂತು ಈರುಳ್ಳಿಯ ಒಣಗರಿಗಳನ್ನು ಜಡೆ ಹೆಣೆಯತೊಡಗಿದೆ. ಎಂ.ಎಸ್ಸಿ. ಸೈಕಾಲಜಿ ಓದುವ ಹುಡುಗಿ ನಾಲ್ಕು ದಿನ ಈರುಳ್ಳಿ ಹೆಣೆಯುತ್ತ ಕೂತಳಲ್ಲ ಎಂದು ಆಗ ನನಗೆ ಒಳಗೊಳಗೇ ಬೇಜಾರಿತ್ತು. ಮೂರನೇ ದಿನ ನೀನು ಹೆಣೆದ ಜಡೆ ಜಾರಿ ಈರುಳ್ಳಿಯೆಲ್ಲ ಅಂಗಳಕ್ಕೆ ಉರುಳಿದಾಗ ಅವಳು ಬಾಯಿ ಬಿಟ್ಟಳು: "ಇದೆಂತ ಜಡೆಯೇ? ಅಳೂ ಮಗಿಗೆ ಓಡ್ತಾ ಓಡ್ತಾ ಹೆಣದಂಗೆ ಅದೆ. ಕೊಡು ಇತ್ಲಾಗೆ." ಎಂಟು ತಿಂಗಳಲ್ಲಿ ಮೊದಲ ಮಾತು. ಬೇಲಿಯ ಈಚೆ ನನ್ನ ಕೈಯಲ್ಲಿದ್ದ ಚಾ ತಣ್ಣಗಾಗಿತ್ತು.

ನಿನ್ನೆ ಅವಳನ್ನೇ ಕೇಳಿದೆ, ನಮ್ಮ ವಿನುತಾ ಎಂತ ಔಷಧ ಮಾಡಿತು ಎಂದು. "ಎಂತದೂ ಇಲ್ಲ ಸುಬ್ಬಣ್ಣ. ನನ್ನ ಮಕ ನೋಡ್ಲೇ ಇಲ್ಲ ಅದು. ಕೈ ನೋಡ್ತಾ ಕೂತ್ಕಂತು. ಎಲ್ಲರೂ ಮಕ ನೋಡಿ ನೋಡಿ ನಂಗೆ ಸಾಕಾಗೋಗಿತ್ತು" ಎಂದಳು. ಆಮೇಲೆ ನಿನ್ನ ಜಡೆ ಮಾರಾಟಕ್ಕೆ ಆಗುವಂಥದ್ದಲ್ಲ, ಮನೆಯಲ್ಲೇ ತೂಗುಹಾಕಿದ್ದೇನೆ ಎಂದೂ ಹೇಳಿದಳು.

ಬಿ.ಎ. ಎರಡನೇ ವರ್ಷದಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು 'ಸೈಲೆನ್ಸ್ ಈಸ್ ಗೋಲ್ಡ್' ಎಂದು ಬೋರ್ಡಿನಲ್ಲಿ ಬರೆದಿದ್ದರು. ಗೋಲ್ಡನ್ ಇರಬೇಕು. ನಾನು ಅದನ್ನು ಜೀವನವಿಡೀ ನಂಬಿದೆ. ನೀನು ಬಲ್ಲ ಮೌನ ಬೇರೆಯದು. ಕಮಲಿ ಆ ನಾಲ್ಕನೇ ದಿನ ಸಂಜೆವರೆಗೆ ನಿನ್ನ ಹತ್ತಿರ ಎಂತ ಹೇಳಿಕೊಂಡಳು ಎಂದು ಕೇಳಿದ್ದೆ, ನೆನಪಿದೆಯೇ? "ಅದು ಅವಳದ್ದು ಅಪ್ಪಾ, ನಾ ಹೇಳೂಕಾಗ" ಎಂದು ಅನ್ನ ಬಡಿಸಿದೆ. ಹೆತ್ತ ಅಪ್ಪನಿಗೂ ಹೇಳಲಿಲ್ಲ. ಆಗ ಮುಖ ಊದಿಸಿಕೊಂಡು ಉಂಡೆ. ಈಗ ಅದೇ ಮಾತು ನೆನೆದು ಧೈರ್ಯ ಬರುತ್ತಿದೆ.

ನೀನು ಓದಲು ಮೊದಲ ಸಲ ಧಾರವಾಡಕ್ಕೆ ಹೊರಟ ದಿನವೂ ಹಾಗೆಯೇ. ಅಲ್ಲಿ ಹುಚ್ಚಾಸ್ಪತ್ರೆ ಇರುವುದಕ್ಕೆ ತಲೆ ಸರಿಯಿಲ್ಲದವರನ್ನು ನಮ್ಮ ಕಡೆ 'ಧಾರವಾಡದ ಬಸ್ಸು ಹತ್ತಿಸಿ' ಎನ್ನುತ್ತಾರಲ್ಲ, ಕುಮಟಾ ಸ್ಟ್ಯಾಂಡಿನಲ್ಲಿ ಚಾ ಅಂಗಡಿಯ ರಾಜೀವ ಎಲ್ಲರಿಗೂ ಕೇಳುವಂತೆ ಕೂಗಿದ: "ಎಂತದು ಸುಬ್ಬಣ್ಣ, ಮಗಳನ್ನ ಧಾರವಾಡಕ್ಕೇ ಹತ್ತಿಸ್ತೆ?" ನಾನು ಚಪ್ಪಲಿ ಸರಿಮಾಡುವವನಂತೆ ಬಗ್ಗಿದೆ. ನೀನು ಕಿಟಕಿಯಿಂದ ತಲೆ ಹಾಕಿ, "ರಾಜೀವಣ್ಣಾ, ಪಕ್ಕದ ಸೀಟು ಖಾಲಿ ಅದೆ, ಬತ್ಯಾ?" ಎಂದೆ. ಇಡೀ ಬಸ್ಸು ನಕ್ಕಿತು, ಅವನೂ ನಕ್ಕ. ಆ ಬಸ್ಸಿನ ಹೆಸರು ಕೇಳಿದರೇ ಹೆದರುತ್ತಿದ್ದ ಮನುಷ್ಯನ ಹೊಟ್ಟೆಯಲ್ಲಿ ನೀನು ಹೇಗೆ ಹುಟ್ಟಿದೆಯೋ.

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮೂರ ಕಲ್ಲಿ ದೇವರಿಗೆ ನಿನ್ನ ಹೆಸರಲ್ಲಿ ಒಂದು ತೆಂಗಿನಕಾಯಿ ಇಡುತ್ತೇನೆ. ನೂರು ಕಾಲ ಬಾಳು, ನೂರು ಮಂದಿಯ ಪಕ್ಕ ಕೂರು.

ನಿನ್ನ ಅಪ್ಪ,
ಸುಬ್ರಾಯ

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಡಿಸಿದ್ದೇನೆ. ನಿನಗೆ ನಲವತ್ತು ದಿನವಾಗಿದ್ದಾಗ ನಿನ್ನ ಅಮ್ಮ, ನನ್ನ ಸೋಮಿ, ನಿನ್ನನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಗೋಡೆ ನೋಡುತ್ತ ಕೂರುತ್ತಿದ್ದಳು, ಊಟ ಇಲ್ಲ, ನಿದ್ದೆ ಇಲ್ಲ. ನಿನ್ನ ಪಾಂಡುಮಾವ ಅವಳನ್ನು ಧಾರವಾಡದ ಆಸ್ಪತ್ರೆಗೆ ಸೇರಿಸಿದ. ನಿನ್ನನ್ನು ಕರ್ಕಿಯ ತವರಮನೆಯಲ್ಲಿ ಅಜ್ಜಿ ಇಟ್ಟುಕೊಂಡಳು. ಊರಿಗೆ ನಾನು, ಸೋಮಿ ಬಾಣಂತನಕ್ಕೆ ತವರಲ್ಲಿದ್ದಾಳೆ ಎಂದೆ. ಚೊಚ್ಚಲ ಬಾಣಂತಿ ತವರಲ್ಲದೆ ಇನ್ನೆಲ್ಲಿ, ಯಾರೂ ಎರಡನೇ ಮಾತು ಕೇಳಲಿಲ್ಲ. ಎಪ್ಪತ್ತು ದಿನ. ಪ್ರತಿ ಭಾನುವಾರ ಕರ್ಕಿಗೆ ಹೋಗಿ ನಿನ್ನನ್ನು ಎತ್ತಿಕೊಂಡೆ. ಧಾರವಾಡಕ್ಕೆ ಒಂದು ಸಲವೂ ಹೋಗಲಿಲ್ಲ. ಸ್ಟ್ಯಾಂಡಿನಲ್ಲಿ ಆ ಬಸ್ಸು ಹತ್ತುವುದನ್ನು ಯಾರಾದರೂ ಕಂಡರೆ ಎಂದು.

ಗುಣವಾಗಿ ಬಂದವಳು ಒಂದೇ ಮಾತು ಆಡಿದಳು: "ಎಲ್ಲರಿಗೂ ಮನೆಯಿಂದ ಕಾಗದ ಬತ್ತಿತ್ತು. ನಿಮ್ಮ ಅಕ್ಷರ ಚಂದ ಅದೆ ಹೇಳಿ ನರ್ಸಮ್ಮನ ಹತ್ರ ಹೇಳ್ಕಂಡಿದ್ದೆ." ಆಮೇಲೆ ಇಪ್ಪತ್ತು ವರ್ಷ ಬಾಳಿದಳು, ಆ ವಿಷಯ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳಿಗೆ ಒಂದು ಸಾಲೂ ಬರೆಯದ, ನಿನಗೆ ಪುಟಗಟ್ಟಲೆ ಬರೆಯುವ ಕೈ ಇದೇ.

ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ. ಹದಿನಾರನೇ ಪ್ರಶ್ನೆಗೆ ನಾನು ಹೇಳಿದ್ದನ್ನು ಹೊಡೆದುಹಾಕಿ ಅವಳ ಹೆಸರು ಬರೆ. ಗಂಡ ಎಷ್ಟು ಸಲ ನೋಡಲು ಬಂದಿದ್ದ ಎಂಬ ಪ್ರಶ್ನೆ ಆ ಫಾರ್ಮಿನಲ್ಲಿ ಇದ್ದರೆ, 'ನಿಲ್' ಎಂದು ಅಲ್ಲಿ ಬರೆ.