ಸ್ವಂತ ಮಗುವಿನ ಪಕ್ಕ ಕೂರುವಂತಿಲ್ಲ

ಆಲಂಕಾರು
12 ಫೆಬ್ರವರಿ 2025

ಮುಹ್ಸಿನಾಳ ಉಪ್ಪನಿಗೆ, ಅವಳ ಉಮ್ಮನ ಅಸ್ಸಲಾಮು ಅಲೈಕುಮ್.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಹೆದರಬೇಡಿ. ಮನೆಯಲ್ಲಿ ಎಲ್ಲರೂ ಸೌಖ್ಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀವು ನಾಲ್ಕು ಮಾತಾಡಿ ಮುಗಿಸಿರುತ್ತೀರಿ. ಕಾಗದದ ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲವಲ್ಲ! ಅಲಿ ಕುಂಞಿ ಭಾವ ಶುಕ್ರವಾರ ಸೌದಿಗೆ, ನಿಮ್ಮ ದಮ್ಮಾಮಿಗೇ ವಾಪಸ್ಸು ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದಿ. ಅರ್ಧದಲ್ಲಿ ಸಿಟ್ಟು ಬಂದು ಮಡಚಿಟ್ಟರೆ ನನ್ನಾಣೆ ಉಂಟು.

ವಿಷಯ ಮಗಳದ್ದೇ. ಬರುವ ಜೂನಿಗೆ ಅವಳನ್ನು ನಮ್ಮ ಸರಕಾರಿ ಶಾಲೆಯಿಂದ ಬಿಡಿಸಿ ಪುತ್ತೂರಿನ ಇಂಗ್ಲಿಷ್ ಮೀಡಿಯಂಗೆ ಹಾಕುವುದೆಂದು ನೀವು ತೀರ್ಮಾನ ಮಾಡಿದ್ದೀರಿ. ನಿಮ್ಮನ್ನು ದೂರುವುದಿಲ್ಲ. ಮನೆಯಲ್ಲಿ ಬ್ಯಾರಿ ಭಾಷೆಯಲ್ಲಿ ಪಟಪಟ ಮಾತಾಡುವ ಹುಡುಗಿ, ಒಂದನೇ ಕ್ಲಾಸಿಗೆ ಸೇರಿದ ಮೇಲೆ ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ. ಹೆಸರು ಕರೆದರೆ ಕೈ ಎತ್ತುವುದು, ಅಷ್ಟೆ. ಮಗು ಮಂದವೋ ಏನೋ ಎಂದು ನೀವು ಅಂದ ದಿನ ನಾನು ಬಚ್ಚಲಿಗೆ ಹೋಗಿ ಅತ್ತೆ. ನನಗೂ ಅದೇ ಭಯ ಇತ್ತು.

ಅವಳ ಟೀಚರ್ ಭಾಗ್ಯಶ್ರೀ ವಿಜಯಪುರದ ಕಡೆಯವರು, ಸಣ್ಣ ಪ್ರಾಯ. ಕ್ಲಾಸಿನಲ್ಲಿ ಒಂದು ಮಗುವಿನ ಮನೆಮಾತು ತುಳು, ಇನ್ನೊಂದರದ್ದು ಅರೆಭಾಷೆ, ನಮ್ಮದು ಬ್ಯಾರಿ. ಪಾಪ, ಅವರು ಗಂಟಲು ಹರಿಯುವ ಹಾಗೆ ಕಲಿಸುತ್ತಾರೆ, ಮಕ್ಕಳು ಮಿಕಮಿಕ ನೋಡುತ್ತವೆ.

ದೀಪಾವಳಿ ಕಳೆದ ಮೇಲೆ ಪೋಷಕರ ಸಭೆ ಇತ್ತು. ನಮ್ಮ ಸಭೆ ನಿಮಗೆ ಗೊತ್ತಲ್ಲ. ಹೆಂಗಸರು ಹಿಂದೆ ಕೂರುವುದು, ಕಾಂಪೌಂಡು ಗೋಡೆಯ ಮಾತು ಕೇಳುವುದು, ಸಹಿ ಹಾಕಿ ಚಾ ಕುಡಿದು ಬರುವುದು. ಈ ಸಲ ಹರ್ಷಿತನ ಅಮ್ಮ ನೀಲಾವತಿ, ಸುಳ್ಯ ಕಡೆಯಿಂದ ಮದುವೆಯಾಗಿ ಬಂದ ಅರೆಭಾಷೆಯವರು, ಎದ್ದು ನಿಂತರು. “ಮಾಷ್ಟ್ರೇ, ಕಾಂಪೌಂಡು ಆಮೇಲೆ ಕಟ್ಟುವ. ಒಳಗೆ ಮಕ್ಕಳು ಬಾಯಿ ಮುಚ್ಚಿ ಕೂತಿದ್ದಾರಲ್ಲ, ಅದಕ್ಕೆ ಎಂತ ಮಾಡುದು?” ಎಂದರು. ಹೆಡ್‌ಮಾಷ್ಟ್ರು ಶ್ರೀರಾಮರು ಟೀಚರ ಕಡೆ ನೋಡಿದರು. ಭಾಗ್ಯಶ್ರೀ ಟೀಚರೇ ಎದ್ದು, “ನಾ ಹೇಳಿದ್ದು ಅವಕ್ಕ ತಿಳಿಯೂದಿಲ್ರಿ, ಅವು ಹೇಳಿದ್ದು ನನಗ ತಿಳಿಯೂದಿಲ್ಲ,” ಎಂದು ಸೆರಗಿನಿಂದ ಕಣ್ಣು ಒರಸಿಕೊಂಡರು.

ಆಗ ಹಿಂದಿನಿಂದ ಒಂದು ಹೆಂಗಸು, “ಹಾಗಾದರೆ ಕ್ಲಾಸಿನಲ್ಲಿ ಮಕ್ಕಳ ಪಕ್ಕ ನಾವು ಬಂದು ಕೂತುಕೊಳ್ತೇವೆ ಟೀಚರ್, ಸರದಿ ಪ್ರಕಾರ,” ಎಂದಳು. ಯಾರಪ್ಪಾ ಈ ಧೈರ್ಯವಂತೆ ಎಂದು ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ! ಬಸ್ಸಿನಲ್ಲಿ ಸ್ಟಾಪು ದಾಟಿದರೂ ಕಂಡಕ್ಟರಿಗೆ ಕೂಗಿ ಹೇಳದ ನಿಮ್ಮ ಝುಬೈದಾ. ಇದನ್ನು ಇಷ್ಟು ದಿನ ನಿಮಗೆ ಹೇಳಿರಲಿಲ್ಲ.

ಮೊದಲು ಎಲ್ಲ ಎಡವಟ್ಟಾಯಿತು. ಪ್ರತಿಯೊಬ್ಬ ಅಮ್ಮನೂ ತನ್ನ ಮಗುವಿನ ಕಿವಿಯಲ್ಲಿ ಉತ್ತರ ಪಿಸುಗುಡುವವಳೇ. ಮಕ್ಕಳಿಗಿಂತ ನಮ್ಮದೇ ಪೈಪೋಟಿ ಜೋರು. ಮುಹ್ಸಿನಾ ನನ್ನ ಶಾಲಿನೊಳಗೆ ಮುಖ ಹುದುಗಿಸಿದವಳು ತೆಗೆಯಲೇ ಇಲ್ಲ. ಟೀಚರ್ ಒಂದು ಕಾನೂನು ಮಾಡಿದರು. ಸ್ವಂತ ಮಗುವಿನ ಪಕ್ಕ ಯಾರೂ ಕೂರುವಂತಿಲ್ಲ. ನಾನು ಹರ್ಷಿತನ ಪಕ್ಕ ಹೋದೆ, ನೀಲಾವತಿ ನಮ್ಮವಳ ಪಕ್ಕ ಬಂದರು.

ನಾನೂ ಹರ್ಷಿತನೂ ಹೇಗೋ ತುಳುವಿನಲ್ಲಿ ಸುಧಾರಿಸಿಕೊಂಡೆವು. ಆದರೆ ನೀಲಾವತಿಗೆ ಬ್ಯಾರಿಯ ಗಂಧವೇ ಇಲ್ಲ. ಅವರು ಏನು ಮಾಡಿದರು ಗೊತ್ತಾ? “ನಂಗೆ ನಿಮ್ಮ ಭಾಷೆ ಬರುದಿಲ್ಲ ಮಗಳೇ, ನೀನೇ ಕಲಿಸು,” ಎಂದರು. ಕಲ್ಲು ತೋರಿಸಿದರು, ಎಲೆ ತೋರಿಸಿದರು, ಕಿಟಕಿಯಲ್ಲಿ ಕೂತ ಕಾಗೆ ತೋರಿಸಿದರು. ಇವಳು ಹೇಳಿದ್ದನ್ನು ತಪ್ಪಾಗಿ ಹೇಳಿ, ಇವಳಿಂದ ತಿದ್ದಿಸಿಕೊಂಡು, ಅದನ್ನೇ ಕನ್ನಡದಲ್ಲಿ ಹೇಳಿಕೊಟ್ಟರು. ಆಚೆ ಸಾಲಿನಿಂದ ನನ್ನ ಮಗಳ ಪಿಸುಮಾತು ಕೇಳಿತು. ತಿರುಗಿ ನೋಡಿದರೆ ನಿಂತುಹೋದೀತು ಎಂದು ಕುತ್ತಿಗೆ ಬಿಗಿಹಿಡಿದು ಕೂತೆ.

ಕಳೆದ ತಿಂಗಳು ಟೀಚರ್ ಅಡುಗೆಮನೆಯ ಪಾಠ ಮಾಡುತ್ತಿದ್ದರು. ತಮ್ಮ ಊರಿನ ಜೋಳದ ರೊಟ್ಟಿ ಹೇಗೆ ಮಾಡುವುದೆಂದು ಮೇಜಿನ ಮೇಲೆ ಟಪಟಪ ತಟ್ಟಿ ತೋರಿಸಿದರು. ಮುಹ್ಸಿನಾ ಎದ್ದು ನಿಂತಳು. “ಟೀಚರ್, ನಮ್ಮ ರೊಟ್ಟಿ ಅಕ್ಕಿದು. ತಟ್ಟುದಲ್ಲ, ಬಾಳೆಎಲೆಗೆ ಎಣ್ಣೆ ಪಸೆ ಮಾಡಿ ಒತ್ತುದು. ನಾನು ತೋರಿಸ್ತೇನೆ,” ಎಂದು ಮುಂದೆ ನಡೆದು, ಟೀಚರ ಅಂಗೈ ಬಿಡಿಸಿ ತನ್ನ ಪುಟ್ಟ ಬೆರಳುಗಳಿಂದ ಒತ್ತಿ ತೋರಿಸಿದಳು. ಸ್ಪಷ್ಟ ಕನ್ನಡದಲ್ಲಿ! ಟೀಚರ್ ನೆಲದಲ್ಲೇ ಕೂತು, “ಹೇಳವ್ವಾ, ಮುಂದ ಹೇಳ,” ಎಂದರು. ತಮ್ಮ ಮನೆಯಲ್ಲಿ ಹಾಗೆ, ತಮ್ಮ ಅಜ್ಜಿ ಹೀಗೆ ಎಂದು ಅಷ್ಟೂ ಮಕ್ಕಳು ಒಟ್ಟಿಗೆ ಬಾಯಿ ಬಿಟ್ಟರು. ಕಿವಿ ತೂತಾಗುವ ಗಲಾಟೆ.

ಯಾ ಅಲ್ಲಾಹ್, ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ? ಇಷ್ಟೆಲ್ಲ ಮಾತು ಇವಳೊಳಗೆ ಎಲ್ಲಿತ್ತು? ಯಾಕೆ ಅಳುತ್ತೀರಿ ಎಂದು ಹರ್ಷಿತ ತುಳುವಿನಲ್ಲಿ ಕೇಳಿದ. ಕಣ್ಣಿಗೆ ಚಾಕ್‌ಪೀಸಿನ ಹುಡಿ ಬಿತ್ತು ಎಂದೆ. ಒಂದು ಮಗುವಿನ ಬಾಯಿ ಬಿಡಿಸಲು ಇಷ್ಟು ಜನ ಬೇಕಾಯಿತೇ ಎಂದು ಇವತ್ತಿಗೂ ಆಶ್ಚರ್ಯವಾಗುತ್ತದೆ. ಈಗ ಗಂಡಸರೂ ಬರುತ್ತಾರೆ. ಮೀನು ಮಾರುವ ಮೊಯ್ದಿನಬ್ಬ ಮೊನ್ನೆ ಕೈಕಾಲು ತೊಳೆದು ಬಂದು ಮಕ್ಕಳ ಜೊತೆ ಪದ್ಯ ಹೇಳಿದರು. ಸವಣೂರು ಕಡೆಯ ಒಂದು ಶಾಲೆಯ ಅಮ್ಮಂದಿರು ಇದನ್ನು ನೋಡಲಿಕ್ಕೆಂದೇ ಬಸ್ಸು ಹತ್ತಿ ಬಂದಿದ್ದರು.

ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ, ಅದನ್ನೂ ಕಲಿಯಲಿ. ಆದರೆ ಪುತ್ತೂರಿನ ಶಾಲೆಯಲ್ಲಿ ನನಗೆ ಗೇಟಿನವರೆಗೆ ಮಾತ್ರ ಜಾಗ. ಇಲ್ಲಿ ನಾನು ಒಳಗಿದ್ದೇನೆ. ಅವಳನ್ನು ಇಲ್ಲೇ ಬಿಡಿ. ಮದುವೆಯಾದ ಮೇಲೆ ನಿಮ್ಮಲ್ಲಿ ಏನನ್ನೂ ಇಷ್ಟು ಗಟ್ಟಿಯಾಗಿ ಕೇಳಿದವಳಲ್ಲ ನಾನು.

ಊಟ ತಪ್ಪಿಸಬೇಡಿ.

ನಿಮ್ಮ ಒಂದು ‘ಹೂಂ’ಗೆ ಕಾದಿರುವ,
ಝುಬೈದಾ

ತಾ.ಕ.: ಟಿ.ಸಿ. ಕೇಳಿ ಬರಲು ನಿಮ್ಮ ಉಮ್ಮನನ್ನು ನನಗೆ ಗೊತ್ತಾಗದ ಹಾಗೆ ಶಾಲೆಗೆ ಕಳಿಸಿದಿರಲ್ಲ, ನಿನ್ನೆ ಅವರೇ ಹೇಳಿಬಿಟ್ಟರು. ಹೋದವರು ಒಂದನೇ ಕ್ಲಾಸಿನ ಕಿಟಕಿಯಲ್ಲಿ ನಿಂತರಂತೆ. ಒಳಗೆ ಮುಹ್ಸಿನಾ ಬೋರ್ಡು ನೋಡಿ ಗಟ್ಟಿಯಾಗಿ ಓದುತ್ತಿದ್ದಳಂತೆ, ಉಳಿದವರು ಅವಳ ಹಿಂದೆ ಹೇಳುತ್ತಿದ್ದರಂತೆ. ಗಂಟೆ ಹೊಡೆಯುವವರೆಗೂ ನಿಂತು, ಆಫೀಸಿಗೆ ಹೋಗದೆ ಮನೆಗೆ ಬಂದಿದ್ದಾರೆ. “ಟಿ.ಸಿ. ಕೇಳಲಿಕ್ಕೆ ನಂಗೆ ಬಾಯಿ ಬರಲಿಲ್ಲ. ಅವನಿಗೆ ನೀನೇ ಬರಿ,” ಎಂದರು. ಅದಕ್ಕೇ ಈ ಕಾಗದ. ಇಷ್ಟಾದ ಮೇಲೂ ಬಿಡಿಸಲೇಬೇಕು ಅಂತಿದ್ದರೆ ನನಗೆ ಹೇಳಬೇಡಿ. ಫೋನ್ ಮಾಡಿ ಮಗಳಿಗೇ ಹೇಳಿ. ಈಗ ಅವಳು ಉತ್ತರ ಕೊಡುತ್ತಾಳೆ.