ಕಾಲ ಕೆಳಗಿನ ತಲೆದಿಂಬು

ಮನೋಳಿ
೧೮ ಫೆಬ್ರುವರಿ ೨೦೨೫, ಮಂಗಳವಾರ

ನನ್ನ ಮುದ್ದಿನ ತಂಗಿ ಗಂಗಾಗೆ, ಅಕ್ಕನ ತುಂಬುಮನದ ಆಶೀರ್ವಾದ.

ಫೋನಿರುವಾಗ ಈಕೆಗೇಕೆ ಪತ್ರದ ಹುಚ್ಚು ಎಂದು ನಗಬೇಡ. ನೀನು ಫೋನೆತ್ತಿದರೆ ನಿಮ್ಮತ್ತೆಗೂ ಕೇಳಲೆಂದು ಸ್ಪೀಕರ್ ಹಾಕುತ್ತೀ. ಇಲ್ಲಿ ನಾನು ಬಾಯಿ ತೆರೆದರೆ ಅಪ್ಪ ಪಡಸಾಲೆಯಲ್ಲಿ ಕಿವಿಗೊಟ್ಟು ಕೂತಿರುತ್ತಾನೆ. ಈ ಮಾತು ಅವನ ಕಿವಿಗೆ ಬೀಳಲೇಬಾರದು. ಓದಿದ ಮೇಲೆ ಇದನ್ನು ಒಲೆಗೆ ಹಾಕು.

ಅವ್ವ ಎದೆನೋವಿನಿಂದ ಹೋದಳೆಂದು ನಿನಗೆ ಹೇಳಿದ್ದೆ. ಅದು ಸುಳ್ಳು, ಬಸುರಿ ನೀನು ಅಂಜಬಾರದೆಂದು ಎಲ್ಲರಿಗೂ ಹಾಗೇ ಹೇಳಲು ಕೇಳಿಕೊಂಡಿದ್ದೆ. ಅವ್ವ ಹೋದದ್ದು ಕಾಲಿನ ನರ ಒಡೆದು.

ಅವಳ ಕಾಲು ನಿನಗೆ ನೆನಪಿದೆಯಲ್ಲ? ಸಾಲಿಯ ಬಿಸಿಯೂಟದ ಒಲೆಯ ಮುಂದೆ ನಿಂತು ನಿಂತು ಮೀನಖಂಡದ ತುಂಬ ನರಗಳು ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಪಾದದ ಹರಡಿನ ಹತ್ತಿರ ಚರ್ಮ ಕಪ್ಪಾಗಿ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಹೋದ ವರ್ಷ ಸವದತ್ತಿಯ ಡಾಕ್ಟರಲ್ಲಿಗೆ ನಾನೇ ಎಳೆದುಕೊಂಡು ಹೋಗಿದ್ದೆ. ರಕ್ತವನ್ನು ಮೇಲಕ್ಕೆ ಒಯ್ಯುವ ನರದೊಳಗೆ ಸಣ್ಣ ಸಣ್ಣ ಬಾಗಿಲುಗಳಿರುತ್ತವಂತೆ. ಅವು ಸಡಿಲಾದರೆ ರಕ್ತ ಕೆಳಗೇ ನಿಂತು ನರ ಉಬ್ಬುತ್ತದಂತೆ. ಬಿಗಿಯಾದ ಕಾಲುಚೀಲ ಹಾಕಿಕೊಳ್ಳಿ, ನಿಂತಲ್ಲೇ ನಿಲ್ಲದೆ ಅಡ್ಡಾಡಿ, ಮಲಗಿದಾಗ ಕಾಲ ಕೆಳಗೆ ದಿಂಬಿಟ್ಟು ಎದೆಗಿಂತ ಮೇಲೆ ಏರಿಸಿ ಎಂದರು. ಸ್ಕ್ಯಾನ್ ಮಾಡಿಸಿದರೆ ಕೆಟ್ಟ ನರವನ್ನು ಲೇಸರಿನಿಂದ ಮುಚ್ಚಲೂ ಬರುತ್ತದೆ ಎಂದರು.

ನಮ್ಮವ್ವ ಕೇಳುವವಳೇ! ಹೊಸ ಕಾಲುಚೀಲ ಸವೆದೀತೆಂದು ಇಳಕಲ್ ಸೀರೆಯ ಜೊತೆ ಟ್ರಂಕಿನಲ್ಲಿಟ್ಟಳು. ದಿಂಬಿನ ಮಾತೆತ್ತಿದರೆ ನನಗೇ ಬೈದಳು. ತಲೆಯಿಡುವ ದಿಂಬಿನ ಮೇಲೆ ಕಾಲಿಡುವುದೇ? ಎದುರಿಗೆ ಪೂಜೆಯ ಜಗಲಿಯ ಮೇಲೆ ದೇವರು, ಪಡಸಾಲೆಯಲ್ಲಿ ಗಂಡ. "ದೇವರಿಗೆ, ಗಂಡಗ ಕಾಲ ತೋರಿಸಿ ಮಲಗೂ ಹೆಣ್ಮಗಳು ನಾ ಅಲ್ಲ ಬಿಡವಾ" ಅಂದಳು. ಅವಳ ಹಟದ ಮುಂದೆ ಯಾರ ಆಟ ನಡೆದಿದೆ ಹೇಳು.

ಅವ್ವ ಹೋದ ದಿನ ಮುಂಜಾನೆ ನಾನು ಮನೆಯಲ್ಲಿರಲಿಲ್ಲ. ಬಚ್ಚಲಲ್ಲಿ ಕಾಲು ತಿಕ್ಕುವಾಗ ಆ ಕಪ್ಪು ಜಾಗಕ್ಕೆ ಕಲ್ಲು ತಾಗಿತು. ಕಡ್ಡಿ ಗೀರಿದಷ್ಟು ಗಾಯ. ರಕ್ತ ಪಿಚಕಾರಿಯಂತೆ ಹಾರಿತಂತೆ. ಅಪ್ಪ ಓಡಿ ಹೋಗಿ ಎತ್ತಿ ತಂದು ಕುರ್ಚಿಯ ಮೇಲೆ ಕೂಡಿಸಿದ. ನೆರೆಮನೆಯ ಕೆಂಪವ್ವ ಅರಿಷಿಣ ಮೆತ್ತಿದಳು. ಮೊಣಕಾಲ ಕೆಳಗೆ ರುಮಾಲು ಬಿಗಿದರು. ಕಣ್ಣು ಕತ್ತಲೆ ಬರುತ್ತಿದೆ, ಮಲಗಿಸಿರಿ ಅಂದಳಂತೆ ಅವ್ವ. ಅಪ್ಪ ಬಿಡಲಿಲ್ಲ. ನೆಲಕ್ಕೆ ಮಲಗಿಸಿದರೆ ಜೀವ ಹೋದೀತೆಂಬ ಅಂಜಿಕೆ ಅವನಿಗೆ. ಬೆನ್ನ ಹಿಂದೆ ನಿಂತು ಎರಡೂ ಕೈಯಿಂದ ತಬ್ಬಿ ಹಿಡಿದು ಕೂಡಿಸಿಯೇ ಇದ್ದ. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆದರೂ ಒಯ್ದರು. ನಾನು ಆಸ್ಪತ್ರೆಗೆ ಓಡಿದೆ, ಅಲ್ಲಿ ಡಾಕ್ಟರು ನನ್ನನ್ನು ಬದಿಗೆ ಕರೆದರು. ಮಲಗಿಸಿ, ಕಾಲು ಮೇಲೆತ್ತಿ, ಸ್ವಚ್ಛ ಅರಿವೆಯಿಂದ ಗಾಯದ ಮೇಲೆಯೇ ಗಟ್ಟಿ ಒತ್ತಿ ಹಿಡಿದಿದ್ದರೆ ರಕ್ತ ನಿಲ್ಲುತ್ತಿತ್ತಂತೆ. ಗಾಯ ಬಿಟ್ಟು ಮೊಣಕಾಲ ಹತ್ತಿರ ಬಿಗಿದು ಕಾಲು ಇಳಿಬಿಟ್ಟದ್ದರಿಂದ ಇನ್ನೂ ಹರಿಯಿತಂತೆ. ಗಂಗಾ, ಇಷ್ಟೇ. ಇಷ್ಟೇ ಬೇಕಾಗಿತ್ತು ನಮ್ಮವ್ವ ಬದುಕಲು.

ಮಣ್ಣಿಗೆ ಒಯ್ಯುವ ಮೊದಲು ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಕೂಡಿಸಿದಾಗ ನಾನೇಕೆ ಹಾಗೆ ಚೀರಿದೆನೆಂದು ನೀನು ಕೇಳಿದ್ದೆ. ಕೂತೇ ಜೀವ ಬಿಟ್ಟವಳನ್ನು ಇನ್ನೂ ಎಷ್ಟು ಕೂಡಿಸುತ್ತೀರಿ, ಒಂದಿಷ್ಟು ಮಲಗಗೊಡಿರಿ ಅನ್ನಿಸಿತ್ತು.

ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಮಾತಾಡಿಸಲು ಬಂದವರಿಗೆಲ್ಲ "ನನ್ನ ತೋಳಾಗ ಹೋದ್ಳು, ಕಡೀತನಕ ಕೈ ಬಿಡಲಿಲ್ಲ ನಾ" ಎನ್ನುತ್ತಿದ್ದ. ಅವನಿಗೆ ಉಳಿದ ಸಮಾಧಾನ ಅದೊಂದೇ. ಈಚೆಗೆ ಅದನ್ನೂ ಹೇಳುತ್ತಿಲ್ಲ. ಆ ಕುರ್ಚಿಯನ್ನು ದನದ ಮನೆಗೆ ಹಾಕಿ ನೆಲದ ಮೇಲೇ ಕೂಡುತ್ತಾನೆ. ದುಃಖ ಇಳಿಯಬೇಕಲ್ಲ, ದಿನ ಹಿಡಿಯುತ್ತದೆ.

ಈಗ ನಿನ್ನ ಸರದಿ. ಮಣ್ಣಿನ ದಿನ ನೀರು ಹೊರಲು ನೀನು ಸೀರೆ ಎತ್ತಿ ಕಟ್ಟಿದ್ದೆ. ಮೊಣಕಾಲ ಹಿಂದೆ ನೀಲಿ ಎಳೆಗಳು ಜೇಡರ ಬಲೆಯಂತೆ ಹರಡಿದ್ದವು, ಅದರ ಕೆಳಗೆ ಒಂದು ನರ ಉಬ್ಬಿತ್ತು. ನಾನು ನೋಡಿದ್ದು ಕಂಡು ಸೀರೆ ಇಳಿಸಿದೆಯಲ್ಲ, ಕಳ್ಳಿ! ಬೈಲಹೊಂಗಲದ ಆ ಸೀರೆ ಅಂಗಡಿಯಲ್ಲಿ ದಿನವಿಡೀ ನಿಲ್ಲುತ್ತೀ, ಮೇಲೆ ಬಸುರಿ. ತಾಯಿಗಿದ್ದರೆ ಮಕ್ಕಳಿಗೂ ಬರಬಹುದಂತೆ, ಬಸುರಿನಲ್ಲಿ ಜೋರಾಗುತ್ತದಂತೆ. ಸಣ್ಣ ಎಳೆಗಳಿಗೆ ಅಂಜಬೇಕಾಗಿಲ್ಲ. ಉಬ್ಬಿದ ನರವನ್ನು ಮಾತ್ರ ಈ ವಾರವೇ ನಿನ್ನ ಗಂಡ ಶ್ರೀಶೈಲನನ್ನು ಕರೆದುಕೊಂಡು ಹೋಗಿ ತೋರಿಸು. ಬಾಣಂತನ ಮುಗಿಯಲಿ ಎನ್ನಬೇಡ. ಚಿಕಿತ್ಸೆ ಯಾವಾಗ, ಬಸುರಿ ಹೇಗೆ ಮಲಗಬೇಕು ಎಂಬುದನ್ನು ಡಾಕ್ಟರೇ ಹೇಳಲಿ. ಬಿಸಿ ಇಟ್ಟಂಗಿಯ ಕಾವು ಬೇಡ, ತಿಕ್ಕಿಸುವುದೂ ಬೇಡ. ಅವ್ವನ ಕಾಲುಚೀಲ ನಾನು ಕಳಿಸುವುದಿಲ್ಲ, ನಿನ್ನ ಕಾಲಿನ ಅಳತೆಯದು ತಗೋ.

ಅತ್ತೆಯ ಮುಂದೆ ಕಾಲೇರಿಸಲು ನಾಚಿಕೆಯಾದರೆ ಅಕ್ಕನ ಅಪ್ಪಣೆ ಎನ್ನು, ನಾನೇ ಬಂದು ಮಾತಾಡುತ್ತೇನೆ. ದೇವರು ಮುನಿಯುವುದಾದರೆ ನನ್ನ ಮೇಲೆ ಮುನಿಯಲಿ. ಇನ್ನೊಬ್ಬರನ್ನು ಗೋಡೆಗೆ ಕೂಡಿಸಿ ನೋಡುವ ಶಕ್ತಿ ನನಗಿಲ್ಲ, ತಂಗೀ.

ನಿನ್ನ ಬೈಗುಳದ ಅಕ್ಕ,
ಮಹಾನಂದಾ

ತಾ.ಕ.: ಪತ್ರ ಮಡಚುವಾಗ ಅಪ್ಪ ಬಂದು ಎದುರಿಗೆ ನೆಲದ ಮೇಲೆ ಕೂತ. ಯಾರಿಗೆ ಎಂದು ಕೇಳಿದ. ಗಂಗಾಗೆ, ಸುಮ್ಮನೆ ಯೋಗಕ್ಷೇಮ ಎಂದೆ. ಅಪ್ಪ ಹೇಳಿದ: "ಇನ್ನೊಂದ ಮಾತ ಬರಿ. ಗಂಗಾನ ಕಾಲೂ ನಾ ನೋಡೇನಿ. ನರ ಒಡದು ರಕ್ತ ಬಂದ್ರ ಕುಂಡ್ರಸಬ್ಯಾಡ್ರಿ, ಮಲಗಸಿ ಕಾಲ ಮ್ಯಾಲ ಎತ್ತಿ ಹಿಡೀರಿ ಅಂತ ಬರಿ. ಅವತ್ತ ನನಗ ಯಾರೂ ಹೇಳಲಿಲ್ಲ." ನಾನು ಮುಚ್ಚಿಟ್ಟದ್ದು ಅವನಿಗೆ ಹೇಗೋ ಆಗಲೇ ತಿಳಿದಿದೆ, ಗಂಗಾ; ಮಡಚಿದ ಪತ್ರ ಬಿಚ್ಚಿ ಅವನ ಮಾತನ್ನು ಹಾಗೇ ಬರೆದೆ. ಒಲೆಗೆ ಹಾಕು ಎಂದು ಬರೆದಿದ್ದೆನಲ್ಲ, ಹಾಕಬೇಡ. ಶ್ರೀಶೈಲನಿಗೂ ಓದಿ ಹೇಳು.