ಸರಿಯಾಗಿ ಎರಡು ಕಿಲೋ

ನವೆಂಬರ್ 4, ಮಂಗಳವಾರ, ಬೆಳಿಗ್ಗೆ 9.40

ಗಿರಿಯ ಬೈಕಿನಲ್ಲಿ ಆರ್‌ಪಿಸಿ ಲೇಔಟ್‌ನಿಂದ ರಾಜಾಜಿನಗರದ ಆಫೀಸಿಗೆ ಇಪ್ಪತ್ತೇ ನಿಮಿಷ. ಇನ್ನೂ ದೂರ ಇರಬಾರದಿತ್ತೇ! ಮದುವೆಯಾಗಿ ಮೂವತ್ತೆಂಟು ದಿನ. ಒಂದೇ ಮನೆ, ಒಂದೇ ಟೀಮು, ಒಂದೇ ಟಿಫಿನ್ ಬ್ಯಾಗು... ದೃಷ್ಟಿ ತೆಗೆಸಬೇಕು.

ಹೊಸ ಕಂಪ್ಲೇಂಟ್. ಅನ್ನಪೂರ್ಣೇಶ್ವರಿ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ನಮ್ಮ ಕಂಪನಿಯ ಕಂಪ್ಯೂಟರ್ ಪ್ರೋಗ್ರಾಮ್ ಇದೆ. ನರ್ಸ್ ಮಗುವನ್ನು ತೂಗಿ ತೂಕ ಟೈಪ್ ಮಾಡುತ್ತಾರೆ, ರಿಪೋರ್ಟ್ ತಾನೇ ಬರುತ್ತದೆ. ಭಾಗವ್ವ ಎಂಬ ಹೊಸ ನರ್ಸ್. ಆಕೆ ತೂಗಿದ ಮಕ್ಕಳೆಲ್ಲ ಸರಿಯಾಗಿ ಎರಡು ಕಿಲೋ, ಇಲ್ಲವೇ ಸರಿಯಾಗಿ ಮೂರು. ಹತ್ತೊಂಬತ್ತು ಮಕ್ಕಳು! ತೂಕ ಕಡಿಮೆ ಎಂದು ಏಳು ಕೂಸುಗಳನ್ನು ಸುಮ್ಮಸುಮ್ಮನೆ ತಾಯಿಯಿಂದ ಬೇರೆ ಮಲಗಿಸಿದ್ದಾರೆ. ಆಕೆ ತೂಗುವುದೇ ಇಲ್ಲ, ಅಂದಾಜಿನಲ್ಲಿ ಬರೆಯುತ್ತಾಳೆ ಎನ್ನುತ್ತಾರೆ ಆಸ್ಪತ್ರೆಯವರು. ನನಗೂ ಅದೇ ಡೌಟು. ಯಾವ ಮಗು ಹೀಗೆ ಅಳತೆ ಮಾಡಿಸಿಕೊಂಡು ಹುಟ್ಟುತ್ತದೆ? ಸೋಮವಾರ ಆಸ್ಪತ್ರೆಯಲ್ಲಿ ಮೀಟಿಂಗ್, ನಮ್ಮ ಬಾಸ್ ಸಿದ್ಧಾರ್ಥ ಸಾರ್ ಕೂಡ ಬರುತ್ತಾರೆ. ಪ್ರೋಗ್ರಾಮ್ ಸರಿಯಾಗಿದೆ ಎಂದು ನಾವು ಹೇಳಿಬಿಟ್ಟರೆ ಆಕೆಯ ಕೆಲಸ ಹೋದಂತೆ.

"ತೂಕದ ಕೋಡ್ ಫೈಲ್ ನೋಡೋಕೆ ಹೋಗ್ಬೇಡ ವಚೂ. ನಾನೇ ಬರ್ದಿದ್ದು, ಪಕ್ಕಾ ಇದೆ ಕಣೇ" ಎಂದ ಗಿರಿ. ಎಷ್ಟು ಮುದ್ದಾಗಿ ಹೇಳಿದ!

ಆದರೆ... ನಾನು ಕೇಳಿರಲೇ ಇಲ್ಲವಲ್ಲ?

ನವೆಂಬರ್ 6, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಒಬ್ಬಳೇ. ಭಾಗವ್ವ ಬಾಗಲಕೋಟೆ ಕಡೆಯವರು. ನನ್ನನ್ನು ಕಂಡ ಕೂಡಲೇ ಸೊಂಟದ ಮೇಲೆ ಕೈ.

"ತೂಗಲಾರದ ಬರೀತೀನೇನ್ರಿ ನಾ? ಬರ್ರಿ ಮೇಡಂ, ನಿಮ್ಮ ಎದುರಿಗೇ ತೂಗ್ತೀನಿ."

ತಕ್ಕಡಿಯಲ್ಲಿ ಒಂದು ಪುಟಾಣಿ ಹುಡುಗಿ. ಅಯ್ಯೋ, ಆ ಕಾಲ್ಬೆರಳು! 2.850 ಎಂದು ತೋರಿಸಿತು. ಭಾಗವ್ವ ಕಂಪ್ಯೂಟರಿನಲ್ಲಿ 2-850 ಎಂದು ಒತ್ತಿದರು. ಚುಕ್ಕಿಯಲ್ಲ, ಗೀಟು.

"ಎರಡು ಕಿಲೋ ಎಂಟ್ನೂರಾ ಐವತ್ತು. ನಮ್ಮ ಕಡೆ ಅಂಗಡ್ಯಾಗ, ದವಾಖಾನ್ಯಾಗ ಎಲ್ಲಾ ಹಿಂಗ ಬರೀತಾರ್ರಿ."

ರಿಪೋರ್ಟಿನಲ್ಲಿ ಬಂದದ್ದು 2.000. ಇಬ್ಬರೂ ಅದನ್ನೇ ನೋಡಿದೆವು.

"ಎಂಟ್ನೂರಾ ಐವತ್ತು ನಿಮ್ಮ ಮಷೀನು ತಿಂತೇನ್ರಿ?"

ನಗಬೇಕು ಅನ್ನಿಸಿತು. ನಗಲಿಲ್ಲ. ಮನೆಗೆ ಬಂದು ಗಿರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ?

ನವೆಂಬರ್ 7, ಶುಕ್ರವಾರ, ಊಟದ ಬಿಡುವು

ನೋಡಬೇಡ ಎಂದ ಫೈಲ್ ತೆಗೆದೆ. ಟೈಪ್ ಮಾಡಿದ್ದು ಕಂಪ್ಯೂಟರಿಗೆ ಬರೀ ಅಕ್ಷರಗಳ ಸಾಲು. ಅದನ್ನು ಸಂಖ್ಯೆ ಮಾಡಲು ಗಿರಿ atof ಎಂಬ ಸಿದ್ಧ ಫಂಕ್ಷನ್ ಬಳಸಿದ್ದಾನೆ. ಅದು ಎಡದಿಂದ ಓದುತ್ತಾ ಬರುತ್ತದೆ. ಸಂಖ್ಯೆಗೆ ಸೇರದ ಗುರುತು ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ. ನಿಂತೆ ಎಂದು ಯಾರಿಗೂ ಹೇಳುವುದಿಲ್ಲ. ಗೀಟು ಸಿಕ್ಕಿತು, ಎರಡು ಎಂದಿತು, ಮುಗಿಯಿತು. ಅದರ ಬದಲು strtod ಎಂಬ ಫಂಕ್ಷನ್ ಆಗಿದ್ದರೆ ಎಲ್ಲಿ ನಿಂತೆ ಎಂಬುದನ್ನಾದರೂ ತೋರಿಸುತ್ತಿತ್ತು.

ಹಳೆಯ ವರ್ಷನ್‌ಗಳನ್ನು ಕೆದಕಿದೆ. ಮೊದಲು strtod ಇತ್ತು! ಏನಾದರೂ ಓದದೆ ಉಳಿದರೆ ಬೀಪ್, ‘ಮತ್ತೆ ಬರೆಯಿರಿ’. ನರ್ಸುಗಳು ಅಂಕಿಯ ಪಕ್ಕ ಕೆಜಿ ಎಂದು ಸೇರಿಸಿದಾಗಲೆಲ್ಲ ಬೀಪ್. ಎರಡು ವರ್ಷದ ಹಿಂದೆ, ಡೆಮೋ ಹಿಂದಿನ ದಿನ, ಗಿರಿ ಅದನ್ನು ತೆಗೆದು atof ಹಾಕಿದ್ದಾನೆ. ಟಿಪ್ಪಣಿ ಇದೆ: ಡೆಮೋ ಮುಗಿದ ಮೇಲೆ ವಾಪಸ್ ಹಾಕಬೇಕು.

ಹಾಕಿಲ್ಲ. ಮರೆತಿರುತ್ತಾನೆ, ಪಾಪ. ಮರೆತೇ ಇರುತ್ತಾನೆ.

ನವೆಂಬರ್ 9, ಭಾನುವಾರ, ಸಂಜೆ

ನಿನ್ನೆ ಬೆಳಿಗ್ಗೆ ಇಡ್ಲಿ ತರುತ್ತೇನೆಂದು ಹೋದವನು ಒಂದೂವರೆ ಗಂಟೆ ಬಿಟ್ಟು ಬಂದ. "ಸಖತ್ ಕ್ಯೂ ಕಣೇ" ಎಂದ. ಜೊತೆಗೆ ಒಂದು ಮೊಳ ಮಲ್ಲಿಗೆ! ನಾನು ಕುಣಿದಾಡಿಬಿಟ್ಟೆ.

ಇವತ್ತು ಫೈಲ್ ಮತ್ತೆ ತೆಗೆದೆ. atof ಇಲ್ಲ. strtod ಬಂದು ಕೂತಿದೆ, ಬೀಪೂ ಇದೆ. ಬದಲಾಯಿಸಿದ್ದು ಗಿರಿ, ಶನಿವಾರ ಬೆಳಿಗ್ಗೆ 7.20. ಟಿಪ್ಪಣಿ ಒಂದೇ ಪದ — ಕ್ಲೀನಪ್. ಇನ್ನು ನಾಳೆ ಯಾರು ಪರೀಕ್ಷೆ ಮಾಡಿದರೂ ಪ್ರೋಗ್ರಾಮ್ ಸರಿಯಾಗಿಯೇ ಇರುತ್ತದೆ. ಹತ್ತೊಂಬತ್ತು ತಪ್ಪು ತೂಕ ಮಾತ್ರ ಭಾಗವ್ವನ ಹೆಸರಿನಲ್ಲಿ ಉಳಿಯುತ್ತವೆ.

"ಇಡ್ಲಿ ಕ್ಯೂಗೆ ಲ್ಯಾಪ್‌ಟಾಪ್ ತಗೊಂಡು ಹೋಗಿದ್ಯಾ ಗಿರಿ?"

ಟಿವಿ ಆರಿಸಿದ.

"ಸಿದ್ಧಾರ್ಥ ಸಾರ್ ಮುಂದಿನ ತಿಂಗಳು ನನ್ನನ್ನ ಟೀಮ್ ಲೀಡ್ ಮಾಡ್ತೀನಿ ಅಂದಿದ್ದಾರೆ ಕಣೇ. ಈಗ ಇದು ಗೊತ್ತಾದ್ರೆ..."

"ಭಾಗವ್ವ ಅವ್ರು?"

"ನಾಳೆ ಮೀಟಿಂಗ್‌ನಲ್ಲಿ ನಾನೇ ಹೇಳ್ತೀನಿ. ಪ್ರಾಮಿಸ್."

ಹಣೆಗೆ ಮುತ್ತಿಟ್ಟ. ಕರಗಿಹೋದೆ. ನನ್ನ ಗಿರಿ!

ಅವನು ಸ್ನಾನಕ್ಕೆ ಹೋದಾಗ ಹಳೆಯ ಕೋಡಿನ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಮದುವೆಯಾಗಿ ಮೂವತ್ತೆಂಟಲ್ಲ, ಇವತ್ತಿಗೆ ನಲವತ್ತಮೂರು ದಿನ.

ನವೆಂಬರ್ 10, ಸೋಮವಾರ, ಬೆಳಿಗ್ಗೆ 10.50

ಆಸ್ಪತ್ರೆಯ ಬೆಂಚು. "ಬರೆದವರು ಒಬ್ರು ಸಾಕಮ್ಮ" ಎಂದು ಸಿದ್ಧಾರ್ಥ ಸಾರ್ ಗಿರಿಯನ್ನಷ್ಟೇ ಒಳಗೆ ಕರೆದುಕೊಂಡರು. ಗಾಜಿನ ಬಾಗಿಲು, ಅರ್ಧ ತೆರೆದಿದೆ. ಎಲ್ಲರೂ ಕೂತಿದ್ದಾರೆ. ಭಾಗವ್ವ ಒಬ್ಬರೇ ನಿಂತಿದ್ದಾರೆ.

"ನಿಮ್ಮ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ ತಾನೆ?" ಎಂದರು ಆಸ್ಪತ್ರೆಯ ಮ್ಯಾನೇಜರ್.

"ಏನೂ ಇಲ್ಲ ಸಾರ್. ಅಲ್ವಾ ಗಿರಿರಾಜ್?" ಎಂದರು ಸಿದ್ಧಾರ್ಥ ಸಾರ್.

ಈಗ ಹೇಳುತ್ತಾನೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾನೆ. ಹೇಳುತ್ತಾನೆ... ನನ್ನ ಕಡೆ ನೋಡಿದ. ಕಣ್ಣು ಕೆಳಗೆ ಹಾಕಿದ.

ಮ್ಯಾನೇಜರ್ ಒಂದು ಕಾಗದ, ರಾಜೀನಾಮೆಯೇ ಇರಬೇಕು, ಭಾಗವ್ವನ ಮುಂದೆ ಸರಿಸಿದರು. ಪೆನ್ನೂ ಕೊಟ್ಟರು.

"ನಾ ತೂಗೀನ್ರೀ ಸಾಹೇಬ್ರ. ಒಂದೊಂದ್ ಕೂಸನ್ನೂ ತೂಗೀನಿ."

ಮುಚ್ಚಳ ಇನ್ನೂ ತಿರುಗುತ್ತಿದೆ.

ಪ್ರಿಂಟ್ ಕೈಯಲ್ಲಿದೆ. ಗಿರಿ, ಬೈಬೇಡ. ಇಷ್ಟು ಬರೆದು ಎದ್ದು ಒಳಗೆ ಹೋಗುತ್ತಿದ್ದೇನೆ.